ಹಫೀಜ ತಗ್ಗಿಸಿದ ಗಾಡಿ

ಆಳಂದ
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಸಂಘಮಿತ್ರಾಳಿಗೆ,

ಜೈ ಭೀಮ್. ನಾನು ಇಲ್ಲಿ ಆರಾಮ ಇದ್ದೇನೆ, ನೀನೂ ಕೊಳಕೂರಿನಲ್ಲಿ ಅಪ್ಪ ಅವ್ವನ ಹತ್ತಿರ ಆರಾಮ ಇದ್ದೀ ಎಂದು ನಂಬಿದ್ದೇನೆ ಎಂದು ಬರೆಯಲು ಪೆನ್ನು ತೆಗೆದೆ. ಮೊದಲ ಸಾಲಿನಲ್ಲೇ ಸುಳ್ಳು ಬೇಡ ಅನ್ನಿಸಿತು. ನಾನು ಆರಾಮ ಇಲ್ಲ. ನೀನು ಆರಾಮ ಇದ್ದೀ ಎಂಬುದನ್ನು ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ, ಅದಕ್ಕೇ ನಾನು ಆರಾಮ ಇಲ್ಲ.

ಮೂರು ವಾರದ ಹಿಂದೆ ಫೋನಿನಲ್ಲಿ ನೀನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ನಾ ಆ ದಿನ ಯಾಕ ಬಿದ್ದೆ, ಅಷ್ಟು ಬರದು ಕಳಸ್ರಿ. ಬಾಯಿಲೆ ಹೇಳಿದ್ದನ್ನ ಮರುದಿನ ನೀವು ಹಂಗ ಅಂದೇ ಇಲ್ಲ ಅಂತೀರಿ. ಓದಿ ನೋಡಿ, ಬರೋದೋ ಬಿಡೋದೋ ಹೇಳ್ತೇನಿ." ಅಷ್ಟೇ ಅಂದು ನೀನು ಫೋನ್ ಇಟ್ಟೆ. ಮತ್ತೆ ಹನ್ನೊಂದು ಸಲ ಮಾಡಿದರೂ ಎತ್ತಲಿಲ್ಲ. ಏಳು ತಿಂಗಳ ಹಿಂದಿನ ಮಾತಿಗೆ ಈಗ ಕಾಗದ ಬೇಕಾಯಿತು ನಿನಗೆ. ಇರಲಿ, ಬರೆಯುತ್ತೇನೆ. ಆದರೆ ಅದಕ್ಕೂ ಮೊದಲು ನನಗೂ ಕೇಳುವುದಿದೆ. ಆ ಜೇವರ್ಗಿಯ ಹಫೀಜ ಯಾರು?

ಯಾರು ಎಂದು ಗೊತ್ತಿಲ್ಲದೆ ಕೇಳುತ್ತಿಲ್ಲ. ಹೋದ ತಿಂಗಳು ಅಫಜಲಪುರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನಿಗೆ ಹೆಸರಿಡುವ ಕಾರ್ಯ ಇತ್ತು. ನೀನಿಲ್ಲದೆ ಹೋದೆ, ಎಲ್ಲರೂ ನಿನ್ನನ್ನೇ ಕೇಳಿದರು, ಡ್ಯೂಟಿ ಅದ ಅಂದೆ. ಊಟಕ್ಕೆ ಕೂತಾಗ ಪಕ್ಕಕ್ಕೆ ಬಂದವನು ಜೇವರ್ಗಿಯ ಅಣ್ಣಾರಾಯ ಕಾಕಾ. ನಿನಗೆ ಗೊತ್ತಲ್ಲ, ಅವನಿಗೆ ಎರಡು ತುತ್ತಿನ ನಡುವೆ ಊರ ಸುದ್ದಿ ಬೇಕು. ಎಲೆಗೆ ಹುಗ್ಗಿ ಬೀಳುವ ಮೊದಲೇ ಶುರು ಮಾಡಿದ. ನಿನ್ನ ಹೆಂಡತಿಯ ಮೋಟರ್ ಸೈಕಲ್ಲು ನೋಡಿದೆ, ಅದಕ್ಕೊಂದು ಹೊಸ ನಿಲುವು ಬಂದಿದೆ, ನೆಲಕ್ಕೆ ಹತ್ತಿ ಹೋಗುತ್ತದೆ, ತಿರುವಿನಲ್ಲಿ ದಾರ ಎಳೆದ ಹಾಗೆ ತಿರುಗುತ್ತದೆ, ನಮ್ಮ ಹಫೀಜನ ಕೈಗುಣ ಅದು ಎಂದ. ನಾನು ಅನ್ನ ಕಲಸುತ್ತಲೇ ಇದ್ದೆ. ಹಫೀಜ ನಿನ್ನ ಔಷಧದ ಪೆಟ್ಟಿಗೆಯ ಸಮೇತ ನಿನ್ನನ್ನು ಗಾಡಿಯ ಮೇಲೆ ಕೂರಿಸಿ, ಕುಲುಕು ತಡೆಯುವ ಹಿಂದಿನ ಶಾಕಪ್ ಎಷ್ಟು ಇಳಿಯುತ್ತದೆ ಎಂದು ಟೇಪು ಹಿಡಿದು ಮೂರು ಸಲ ಅಳೆದನಂತೆ. ನಿನ್ನ ತೂಕ ಕೇಳಿ ಬರೆದುಕೊಂಡನಂತೆ. ಆ ತೂಕಕ್ಕೆ ಸರಿಯಾದ ಸ್ಪ್ರಿಂಗು ಸೋಲಾಪುರದಿಂದ ತರಿಸಿದನಂತೆ. ಕಾಕಾ ಕೊನೆಗೆ ನನ್ನ ಕಡೆ ತಿರುಗಿ, "ಯಪ್ಪಾ ಸತೀಶ, ನೀನೂ ಮಿಸ್ತ್ರೀನ ಇದ್ದೀ. ಹೇಣ್ತಿ ತೂಕ ಎಷ್ಟಂತ ಒಮ್ಮೆರ ಕೇಳಿಯೇನು?" ಅಂದ. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ನಿನ್ನ ತೂಕ ನನಗೆ ಗೊತ್ತಿಲ್ಲ ಸಂಘಮಿತ್ರಾ. ಆರು ವರ್ಷ ಒಂದೇ ಸೂರಿನ ಕೆಳಗೆ ಇದ್ದೇವೆ. ನಿನಗೆ ಬದನೆಕಾಯಿ ಸೇರುವುದಿಲ್ಲ ಎಂದು ಗೊತ್ತು, ಥಂಡಿಯಲ್ಲಿ ಎಡ ಮೊಣಕಾಲು ನೋಯುತ್ತದೆ ಎಂದು ಗೊತ್ತು. ತೂಕ ಗೊತ್ತಿಲ್ಲ. ಜೇವರ್ಗಿಯ ಒಬ್ಬ ಮಿಸ್ತ್ರಿಯ ವಹಿಯಲ್ಲಿ ಅದು ಬರೆದಿಟ್ಟಿದೆ! ಗಾಡಿಯ ಶಾಕಪ್ ಹೊಂದಿಸಬೇಕಾದರೆ ಅದರ ಮೇಲೆ ಕೂರುವವರ ತೂಕ ಬೇಕು ಎಂಬುದು ನನಗೆ ತಿಳಿಯದ್ದಲ್ಲ. ತಿಳಿದೂ ನಾನು ಯಾರನ್ನೂ ಕೇಳಿದವನಲ್ಲ. ಕೈಯಿಂದ ಸೀಟು ಒತ್ತಿ ನೋಡಿದರೆ ನನಗೆ ಅಂದಾಜು ಸಿಗುತ್ತದೆ ಎಂಬ ಗರ್ವ ನನ್ನದು. ಅವನು ನಿನ್ನನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ಅಳೆದ. ಅದನ್ನು ಕೇಳಿದ ಮೇಲೆ ಹುಗ್ಗಿ ಎಲೆಯಲ್ಲೇ ಬಿಟ್ಟು ಎದ್ದೆ.

ಊರಿಗೆ ಬಂದು ಹತ್ತು ದಿನ ನಾನು ನಾನಾಗಿರಲಿಲ್ಲ. ಗಾಡಿ ಬಿಚ್ಚಿದರೆ ಹಫೀಜ, ಜೋಡಿಸಿದರೆ ಹಫೀಜ. ಮುಂದಿನ ಗಾಲಿ ಹಿಡಿಯುವ ಒಂದು ಫೋರ್ಕಿನ ಆಯಿಲ್ ಸೀಲು ಉಲ್ಟಾ ಹಾಕಿ, ಎಣ್ಣೆ ಎಲ್ಲ ಗಿರಾಕಿಯ ಬೂಟಿನ ಮೇಲೆ ಸುರಿಯಿತು. ಹದಿನೆಂಟು ವರ್ಷದ ಕೆಲಸದಲ್ಲಿ ನನಗೆ ಹಾಗೆ ಆದದ್ದಿಲ್ಲ. ಅವ್ವ ಎರಡು ದಿನ ನೋಡಿ ಮೂರನೇ ದಿನ ಅಂದೇಬಿಟ್ಟಳು, "ಹೊಟ್ಟಿ ಉರಿಯಾಕತ್ತಿದ್ರ ಮಜ್ಜಿಗಿ ಕುಡಿ. ನಟ್ಟಿನ ಮ್ಯಾಲ ಯಾಕ ಸಿಟ್ಟು ತೀರಸ್ತಿ?" ಮಾಣಿಕಮ್ಮನ ಬಾಯಿ ನಿನಗೆ ಹೊಸದಲ್ಲ. ಉರಿಯುವುದು ಹೊಟ್ಟೆಯಲ್ಲ ಅವ್ವಾ, ಎದೆ ಎನ್ನಬೇಕು ಅನ್ನಿಸಿತು. ಮಜ್ಜಿಗೆ ಕುಡಿದೆ.

ನಿಜ ಹೇಳುತ್ತೇನೆ, ಮೊದಲು ನನಗೆ ಬಂದ ಯೋಚನೆಗಳು ಬರೆಯುವಂಥವಲ್ಲ. ಅವನಿಗೆ ವಯಸ್ಸು ಎಷ್ಟು, ನೋಡಲು ಹೇಗಿದ್ದಾನೆ, ನಿನ್ನನ್ನು ಏನೆಂದು ಕರೆಯುತ್ತಾನೆ, ಅಳೆಯುವಾಗ ಟೇಪು ಎಲ್ಲಿ ಹಿಡಿದ. ಇದೆಲ್ಲ ತಲೆಯಲ್ಲಿ ತಿರುಗಿದವು. ಬೈದುಕೋ. ಬೈಯುವುದಕ್ಕಾದರೂ ಫೋನ್ ಮಾಡು.

ಕಡೆಗೆ ತಡೆಯಲಾರದೆ ಮೊನ್ನೆ ಗುರುವಾರ ಅಂಗಡಿ ಮುಚ್ಚಿ ಜೇವರ್ಗಿಗೆ ಬಂದೆ. ಸಾಮಾನು ತರಲು ಹೊರಟಿದ್ದೇನೆ ಎಂದು ಅವ್ವನಿಗೆ ಹೇಳಿದ್ದೆ. ದಾರಿಯಲ್ಲೇ ಕಲಬುರಗಿ ಇರುವಾಗ ಅದನ್ನು ದಾಟಿ ಜೇವರ್ಗಿಗೆ ಹೋಗಿ ಯಾವ ಸಾಮಾನು ತರುತ್ತೀ ಎಂದು ಅವಳು ಕೇಳಲಿಲ್ಲ. ನನ್ನ ಮುಖ ನೋಡಿ, ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ನಿನ್ನ ಪಶು ಆಸ್ಪತ್ರೆಯ ಮುಂದೆ, ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಎಪ್ಪತ್ತು ಹೆಜ್ಜೆ ದೂರದಿಂದಲೇ ಗುರುತು ಹಿಡಿದೆ, ಹತ್ತಿರ ಬಂದ ಮೇಲೆ ಗುರುತು ಸಿಗಲಿಲ್ಲ. ಮುಂದೆ ಎಷ್ಟು ಇಳಿದಿದೆಯೋ ಹಿಂದೆಯೂ ಅಷ್ಟೇ ಇಳಿದಿತ್ತು. ಸುತ್ತಿ ಬಂದು ಕುಕ್ಕರಗಾಲಲ್ಲಿ ಕೂತು ತಪ್ಪು ಹುಡುಕಿದೆ. ತಪ್ಪು ಸಿಕ್ಕರೆ ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದೆ. ಫೋರ್ಕಿನ ಎರಡೂ ಕೊಳವೆ ಮೇಲಿನ ಹಿಡಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇಲ್ಲದೆ ಮೇಲೆದ್ದಿದ್ದವು. ಹಿಂದೆ ಹೊಸ ಶಾಕಪ್, ಎರಡೂ ಒಂದೇ ಗಟ್ಟಿ. ಗಾಡಿ ಇಳಿದರೆ ಸೈಡ್ ಸ್ಟ್ಯಾಂಡು ಉದ್ದವಾಗಿ ಗಾಡಿ ನೆಟ್ಟಗೆ ನಿಂತುಬಿಡುತ್ತದೆ, ಗಾಳಿಗೆ ಆ ಕಡೆ ಬೀಳುತ್ತದೆ. ನೂರಕ್ಕೆ ತೊಂಬತ್ತು ಮಿಸ್ತ್ರಿಗಳು ಅದನ್ನು ಮರೆಯುತ್ತಾರೆ. ಅವನು ಸ್ಟ್ಯಾಂಡನ್ನೂ ಕೊಯ್ದು ಕುಗ್ಗಿಸಿ ಬೆಸುಗೆ ಹಾಕಿ, ಬಣ್ಣ ಬಳಿದಿದ್ದ. ಅದನ್ನು ನೋಡಿದಾಗ ನನಗೆ ಆದ ಸಂಕಟ, ನೀನು ಅವನ ಹಿಂದೆ ಕೂತು ಹೋದದ್ದನ್ನು ನೋಡಿದ್ದರೂ ಆಗುತ್ತಿರಲಿಲ್ಲ.

ಆಚೀಚೆ ನೋಡಿ ಸೀಟಿನ ಮೇಲೆ ಎರಡೂ ಕೈ ಇಟ್ಟು ಗಟ್ಟಿಯಾಗಿ ಒತ್ತಿಬಿಟ್ಟೆ. ಇಳಿಯಿತು, ಮೆಲ್ಲಗೆ ಎದ್ದಿತು, ನಿಂತಿತು. ಎರಡನೇ ಸಲ ಕುಣಿಯಲಿಲ್ಲ. ಮತ್ತೆ ಒತ್ತಿದೆ, ಹಾಗೇ.

ಅಷ್ಟರಲ್ಲಿ ನೀನು ಬಂದೆ. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದೆ. ಕಟ್ಟಿಕೊಂಡ ಗಂಡ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ನೊಣ ಹೊಡೆಯುತ್ತ ನಿಂತಿದ್ದ ನೋಡು. ನೀನು ಪೆಟ್ಟಿಗೆ ಕಟ್ಟಿದೆ, ಓಢಣಿ ಸೊಂಟಕ್ಕೆ ಬಿಗಿದೆ, ಹೆಲ್ಮೆಟ್ಟು ಹಾಕಿದೆ. ಗಾಡಿ ಹತ್ತಿ ಎರಡೂ ಪಾದ ನೆಲಕ್ಕೆ ಊರಿದೆ. ಬೆರಳ ತುದಿಯಲ್ಲ, ಇಡೀ ಪಾದ, ಹಿಮ್ಮಡಿ ಸಮೇತ. ಗೇಟಿನ ಹತ್ತಿರ ರಸ್ತೆಗೆ ಒಂದು ಉಬ್ಬು ಇತ್ತು. ನೀನು ಅದನ್ನು ಉಬ್ಬೇ ಅಲ್ಲ ಎಂಬಂತೆ ದಾಟಿದೆ. ಗಾಲಿ ಏರಿ ಇಳಿದವು, ನಿನ್ನ ಭುಜ ಅಲುಗಲಿಲ್ಲ. ಕಾವಲುಗಾರನಿಗೆ ಏನೋ ಅಂದು ನಕ್ಕೆ, ಹೋದೆ. ಆ ನಗೆ ನಾನು ಈ ವರ್ಷ ನೋಡಿದ್ದಿಲ್ಲ. ಆ ಕಾವಲುಗಾರನ ಮೇಲೂ ಹೊಟ್ಟೆ ಉರಿಯಿತು, ಪಾಪ, ಅವನಿಗೆ ಎಪ್ಪತ್ತು ವರ್ಷ ಇರಬೇಕು.

ಆಮೇಲೆ ಹಫೀಜನ ಅಂಗಡಿ ಕೇಳಿಕೊಂಡು ಹೋದೆ. ಜಗಳ ಮಾಡಲಿಕ್ಕೇ ಹೋದೆ ಎಂದು ಇಟ್ಟುಕೋ. ಹೀರೋನಂಥವನು ಒಬ್ಬ ಇರುತ್ತಾನೆ ಎಂದುಕೊಂಡಿದ್ದೆ. ನೋಡಿದರೆ ಐವತ್ತು ದಾಟಿದ ಮನುಷ್ಯ, ಬೆನ್ನು ಸ್ವಲ್ಪ ಬಾಗಿದೆ, ದಾರ ಕಟ್ಟಿದ ಕನ್ನಡಕ. ಒಬ್ಬ ಸಾಲಿ ಮಾಸ್ತರರ ಗಾಡಿ ಹೊಂದಿಸುತ್ತಿದ್ದ. ಮುಂದೆ ಹ್ಯಾಂಡಲ್ ಹಿಡಿದು ನಿಂತಿದ್ದವಳು ಅವನ ಹೆಂಡತಿ ನಜಮುನ್ನಿಸಾ. ವಹಿ ಅವಳದೇ, ಟೇಪೂ ಅವಳದೇ. ಮಾಸ್ತರರು ಉಸಿರು ಬಿಗಿದು ಫೋಟೊಕ್ಕೆ ಕೂತ ಹಾಗೆ ಕೂತಿದ್ದರು. ಅವಳು, ದಿನಾ ಸಾಲಿಗೆ ಹೋಗುವಾಗ ಹೇಗೆ ಕೂರುತ್ತೀರೋ ಹಾಗೆ ಕೂಡ್ರಿ ಮಾಸ್ತರ್ರ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ ಎಂದು ಗದರಿದಳು. ಹೆಣ್ಣುಮಕ್ಕಳು ಬಂದರೆ ಅವಳೇ ತೂಕ ಕೇಳುತ್ತಾಳೆ, ಅವಳೇ ಅಳೆಯುತ್ತಾಳೆ, ಹಫೀಜ ದೂರ ನಿಂತು ಅಂಕಿ ಕೇಳಿಕೊಳ್ಳುತ್ತಾನೆ. ಅದನ್ನೂ ಅಲ್ಲೇ ತಿಳಿದುಕೊಂಡೆ. ಹತ್ತು ದಿನ ನಾನು ನುಂಗಿದ ಬೆಂಕಿಯೆಲ್ಲ ದಂಡ.

ಬೆಂಕಿ ಆರಿತು ಅಂದುಕೊಳ್ಳಬೇಡ. ಹೊಸದು ಹತ್ತಿತು. ಶಾಕಪ್ ಇಳಿದದ್ದು ಮೂವತ್ತೈದು ಮಿಲಿಮೀಟರು ಎಂದು ಅವನು ಅಂದ, ಮೂವತ್ತೆಂಟು ಎಂದು ಅವಳು ಅಂದಳು. ಕನ್ನಡಕ ಒರೆಸಿಕೊಂಡು ನೋಡಿ ಎಂದಳು. ಅವನು ನಿಜವಾಗಿ ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿ, "ಹೌದ್ರಿ, ಮೂವತ್ತೆಂಟೇ. ನಂದ ತಪ್ಪು" ಅಂದ. ಗಿರಾಕಿಯ ಮುಂದೆ, ಮೂರನೆಯವನಾದ ನನ್ನ ಮುಂದೆ. ಅಂದು ಸ್ಪ್ಯಾನರ್ ತೆಗೆದುಕೊಂಡು ಕೆಲಸಕ್ಕೆ ಹತ್ತಿದ. ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬರುತ್ತದೆಯೇ ಎಂದು ನನಗೆ ಅವನ ಮೇಲೆ ಬಂದ ಅಸೂಯೆ ಇದೆಯಲ್ಲ, ಮೊದಲಿನದು ಅದರ ಮುಂದೆ ಏನೂ ಅಲ್ಲ. ನಮ್ಮ ಮದುವೆಯಾದ ಹೊಸತರಲ್ಲಿ ನೀನು ಅಂಗಡಿಗೆ ಬುತ್ತಿ ತಂದವಳು, ನಾನು ಕಟ್ಟುತ್ತಿದ್ದ ಗಾಡಿ ನೋಡಿ ಹಿಂದಿನ ಗಾಲಿ ಸೊಟ್ಟ ಕಾಣುತ್ತದಲ್ಲ ಅಂದಿದ್ದೆ. ಮನೆಗೆ ಹೋಗು ಎಂದು ನಾನು ಅಂದಿದ್ದೆ. ಗಾಲಿ ಸೊಟ್ಟವೇ ಇತ್ತು. ನೀನು ಹೋದ ಮೇಲೆ ಸರಿ ಮಾಡಿದೆ.

ಹಫೀಜ ನನ್ನ ಗುರುತು ಹಿಡಿದ, ಕಲಬುರಗಿಯಲ್ಲಿ ಸಾಮಾನು ಕೊಳ್ಳುವಾಗ ನೋಡಿದ್ದನಂತೆ, ಆಳಂದದ ಸತೀಶಣ್ಣ ಅಲ್ಲೇನ್ರಿ ಎಂದ, ಸ್ಟೂಲು ಹಾಕಿದ. ನಜಮುನ್ನಿಸಾ ಚಹಾ ಕೊಟ್ಟಳು. ಧಂಧೆಯ ಮಾತಾಡಿದೆವು. ಬಸ್ ಹತ್ತಿ ಬಂದೆ.

ಈಗ ನಿನ್ನ ಪ್ರಶ್ನೆ.

ನೀನು ಬಿದ್ದ ಜಿಡಗಾ ಕ್ರಾಸಿನ ಉಬ್ಬಿಗೆ ಅವತ್ತು ಬಿಳಿ ಬಣ್ಣ ಇರಲಿಲ್ಲ. ಏಪ್ರಿಲ್ ತಿಂಗಳು, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಡಗಂಚಿ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರು ಬರುತ್ತಿತ್ತು ಎಂದು ನೋಡಿದವರು ಹೇಳಿದ್ದರು. ಪೆಟ್ಟಿಗೆ ಭಾರ ಇತ್ತು. ಈ ನಾಲ್ಕೂ ನಿಜ. ಏಳು ತಿಂಗಳು ಈ ನಾಲ್ಕನ್ನೇ ಎಲ್ಲರಿಗೂ ಹೇಳಿದ್ದೇನೆ. ಈ ನಾಲ್ಕರಲ್ಲಿ ಯಾವುದರಿಂದಲೂ ನೀನು ಬಿದ್ದದ್ದಲ್ಲ.

ನಾನು ಸ್ಪ್ರಿಂಗು ಕೊಯ್ದಿದ್ದೆ.

ಕಾಲು ನೆಲಕ್ಕೆ ಹತ್ತುವುದಿಲ್ಲ, ಹೊಲದ ದಾರಿಯಲ್ಲಿ ಕಲ್ಲಿನ ಮೇಲೆ ನಿಲ್ಲಿಸುವಾಗ ಗಾಡಿ ವಾಲುತ್ತದೆ, ಸ್ವಲ್ಪ ಇಳಿಸಿಕೊಡ್ರಿ ಎಂದು ನೀನು ನನಗೆ ಎಷ್ಟು ಸಲ ಹೇಳಿದೆ! ನಾಳೆ ನಾಡಿದ್ದು ಎಂದೆ ನಾನು. ಕೊನೆಗೆ ಒಂದು ದಿನ, ಕಲಬುರಗಿಯಲ್ಲಿ ತೋರಿಸುತ್ತೇನೆ ಬಿಡ್ರಿ ಎಂದೆ ನೀನು. ನನ್ನ ಹೆಂಡತಿ ಬೇರೆ ಮಿಸ್ತ್ರಿಯ ಕಡೆ ಹೋಗುವುದೇ ಎಂದು ತಲೆ ತಿರುಗಿತು. ಅವತ್ತೇ ಮಧ್ಯಾಹ್ನ, ನೀನು ಮಲಗಿದ್ದಾಗ, ಹಿಂದಿನ ಎರಡೂ ಶಾಕಪ್ ಬಿಚ್ಚಿ, ಗ್ಯಾಸಿನ ಬೆಂಕಿಯಿಂದ ಒಂದೊಂದು ಸ್ಪ್ರಿಂಗಿನ ಎರಡೆರಡು ಸುತ್ತು ಕೊಯ್ದು ಹಾಕಿದೆ. ಒಂದು ತಾಸಿನ ಕೆಲಸ. ನಮ್ಮ ಕಟ್ಟೆಯ ಮೇಲೆ ಕೂರುವ ಪೋರರ ಗಾಡಿಗಳಿಗೆ ಹಾಗೇ ಮಾಡಿಕೊಡುತ್ತಿದ್ದೆ, ಹಿಂದೆ ಇಳಿದು ಮುಂದೆ ಎದ್ದರೆ ಅವರಿಗೆ ಚಂದ. ಅವರು ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವವರು. ನೀನು ಪೆಟ್ಟಿಗೆ ಹೇರಿಕೊಂಡು ದಿನಕ್ಕೆ ಆರು ಹಳ್ಳಿ ತಿರುಗುವವಳು. ಬೆಂಕಿ ತಾಗಿದ ಸ್ಪ್ರಿಂಗಿನ ಕಸುವು ಹೋಗುತ್ತದೆ, ಕುಗ್ಗಿದ ಸ್ಪ್ರಿಂಗು ಉಬ್ಬಿನ ಮೇಲೆ ಗಾಲಿ ಜೋತಾಗ ತನ್ನ ತಾವಿನಿಂದ ಕಿತ್ತು ಬರುತ್ತದೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಇಳಿಯಿತಲ್ಲ, ಕಾಲು ಹತ್ತಿತಲ್ಲ, ನೀನು ಕಲಬುರಗಿಗೆ ಹೋಗಲಿಲ್ಲವಲ್ಲ, ನನಗೆ ಅಷ್ಟೇ ಬೇಕಾಗಿತ್ತು.

ಎರಡನೇ ದಿನವೇ ನೀನು ಬಂದು, ಹಿಂದೆ ಪುಟಿಯುತ್ತದೆ, ಸೊಂಟ ಎತ್ತಿ ಒಗೆಯುತ್ತದೆ ಎಂದೆ. ಹೊಸದಾಗಿ ಇಳಿಸಿದ್ದು, ರೂಢಿಯಾಗುತ್ತದೆ ಎಂದು ನಾನು ಹೇಳಿದೆ. ನೀನು ನಂಬಿದೆ. ಹನ್ನೊಂದು ದಿನ ಓಡಿಸಿದೆ. ಹನ್ನೆರಡನೇ ದಿನ ಜಿಡಗಾ ಕ್ರಾಸಿನಲ್ಲಿ ಬಿದ್ದೆ.

ಆಸ್ಪತ್ರೆಯಿಂದ ಅಂಗಡಿಗೆ ಬಂದು ಗಾಡಿ ನೋಡಿದೆ. ಬಲಗಡೆಯ ಸ್ಪ್ರಿಂಗು ತಾವು ಬಿಟ್ಟು ಓರೆಯಾಗಿ ಕೂತಿತ್ತು. ಕಣ್ಣು ಹಾಯಿಸಿದ ಕೂಡಲೇ ತಿಳಿಯಿತು. ಮೇಲೆ ತಾಡಪತ್ರಿ ಹೊದಿಸಿಬಿಟ್ಟೆ. ಕಟ್ಟೆಯ ಮೇಲಿನವರು ಏನಾಯಿತು ಎಂದು ಕೇಳಿದರು. ಆಗ ನಾನು ಅಂದ ಮಾತು ನೀನು ಮರುದಿನ ಬೇರೆಯವರ ಬಾಯಿಂದ ಕೇಳಿದೆ. ನಾನೇ ಇಲ್ಲಿ ಬರೆಯುತ್ತೇನೆ: "ಕುಣಿಲಾರದಾಕಿ ನೆಲ ಡೊಂಕು ಅಂದ್ಳಂತ. ಹೆಂಗಸರಿಗ್ಯಾಕ ಬೇಕ್ರಿ ಮೋಟರ್ ಸೈಕಲ್ಲು?" ಕೊರಳೆಲುಬು ಮುರಿದುಕೊಂಡು ಮಲಗಿದವಳ ಬಗ್ಗೆ ಅಂದೆ. ನೀನು ನೆಲ ಡೊಂಕು ಎಂದೂ ಅಂದಿರಲಿಲ್ಲ, ಏನೂ ಅಂದಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಟ್ಟಿ ಬಿಚ್ಚಿದ ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಾಡಿಯ ಕೀಲಿ ನನ್ನ ಮುಂದೆ ಹಿಡಿದೆ. "ನನಗ ಬರಂಗಿಲ್ಲ ಅನಸ್ತದರಿ. ನೀವ ಇಟ್ಕೋರಿ" ಅಂದೆ. ನಾಲ್ಕು ವರ್ಷ ಬಿಸಿಲು ಮಳೆ ಎನ್ನದೆ ಆ ಗಾಡಿಯ ಮೇಲೆ ಸುತ್ತಿದವಳು ನೀನು. ಅಲ್ಲ ಸಂಘಮಿತ್ರಾ, ನಿನಗೆ ಬರುತ್ತದೆ, ತಪ್ಪು ನನ್ನದು ಎನ್ನಲು ಅದೊಂದು ಕ್ಷಣ ಇತ್ತು. ನಾನು ಕೈ ಚಾಚಿ ಕೀಲಿ ತೆಗೆದುಕೊಂಡೆ. ಹಾಯೆನ್ನಿಸಿತು ನನಗೆ. ಇನ್ನು ಆ ಗಾಡಿ ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ಹಾಯೆನ್ನಿಸಿತು. ಆಮೇಲೆ ನೀನು ಟಂಟಂ ಆಟೊದಲ್ಲಿ ಇತರರ ಮೊಣಕಾಲಿನ ನಡುವೆ ಪೆಟ್ಟಿಗೆ ಇಟ್ಟುಕೊಂಡು ಡ್ಯೂಟಿಗೆ ಹೋಗುವುದನ್ನು ದಿನಾ ನೋಡಿದೆ. ವಿಶ್ರಾಂತಿಗೆ ಎಂದು ಕೊಳಕೂರಿಗೆ ಹೋದವಳು ಜೇವರ್ಗಿಗೆ ವರ್ಗ ಮಾಡಿಸಿಕೊಂಡೆ, ಆಗಲೂ ಬಾಯಿ ಬಿಡಲಿಲ್ಲ.

ಹೊಸ ಸ್ಪ್ರಿಂಗು ತಂದು ಇಟ್ಟಿದ್ದೆ, ಯಾರಿಗೂ ಗೊತ್ತಾಗದಂತೆ ಬದಲಿಸಿಬಿಡೋಣ ಎಂದು. ಇವತ್ತು ನಾಳೆ ಎನ್ನುವುದರಲ್ಲಿ, ನಾನು ಊರಲ್ಲಿ ಇಲ್ಲದ ದಿನ ನಿನ್ನ ಅಣ್ಣ ಅಜಯಕುಮಾರ ಟೆಂಪೊ ತಂದು ಗಾಡಿ ಹೇರಿಕೊಂಡು ಹೋದ. ಸೆಪ್ಟೆಂಬರಿನಿಂದ ನನಗೆ ನಿದ್ದೆ ಇಲ್ಲ. ಯಾರೋ ಒಬ್ಬ ಮಿಸ್ತ್ರಿ ಆ ಶಾಕಪ್ ಬಿಚ್ಚುತ್ತಾನೆ, ನೋಡುತ್ತಾನೆ, ನಗುತ್ತಾನೆ. ಅಣ್ಣಾರಾಯ ಕಾಕಾನ ಬಾಯಲ್ಲಿ ಹಫೀಜನ ಹೆಸರು ಬಂದಾಗ ಆ ಮಿಸ್ತ್ರಿಗೆ ಒಂದು ಹೆಸರು ಸಿಕ್ಕಿತು, ಅಷ್ಟೇ. ನಿನ್ನ ಮೇಲೆ ಅನುಮಾನಪಟ್ಟದ್ದಕ್ಕೆ ಅರ್ಧ ಕಾರಣ ಆ ಹೆದರಿಕೆ. ಇನ್ನರ್ಧ ಖರೇ ಹೊಟ್ಟೆಕಿಚ್ಚು, ಅದನ್ನು ಹೆದರಿಕೆಯ ತಲೆಗೆ ಕಟ್ಟುವುದಿಲ್ಲ.

ನಿನ್ನೆ ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಿದಳು. ಸಂಘಮಿತ್ರಾ ಕೀಲಿ ಕೊಡುವಾಗ ನಾನೂ ಅಲ್ಲೇ ಇದ್ದೆನಲ್ಲೋ ಎಂದಳು. ಉಣ್ಣಲು ಕರೆಯುತ್ತಾಳೆ, ತಾಟು ಇಟ್ಟು ಒಳಗೆ ಹೋಗುತ್ತಾಳೆ. ಸ್ಪ್ರಿಂಗು ಕೊಯ್ಸಿಕೊಂಡ ಪೋರರಿಗೆ ಗಾಡಿ ತರಲು ಫೋನ್ ಮಾಡಿದ್ದೇನೆ. ಕೆಲವರು ಬಂದರು, ಕೆಲವರು ಇಳಿದದ್ದೇ ಚಂದ ಇದೆ ಅಣ್ಣಾ ಎಂದು ನಕ್ಕರು. ನೀನು ಯಾಕೆ ಬಿದ್ದೆ ಎಂದು ಕಟ್ಟೆಯ ಮೇಲಿನವರಿಗೆ ಇನ್ನೂ ಹೇಳಿಲ್ಲ. ಎರಡು ಸಲ ಬಾಯಿ ತೆರೆದೆ, ಎರಡೂ ಸಲ ಚಹಾ ಹೇಳಿದೆ. ಹೇಳಿದ ಮೇಲೆ ಬರೆಯುತ್ತೇನೆ.

ಹಫೀಜನ ಮೇಲಿನ ಕಿಚ್ಚು ಹೋಗಿದೆ ಎಂದು ಬರೆಯಲಾರೆ. ಅವನು ಮಾಡಿದ ಗಾಡಿಯ ಮೇಲೆ ನೀನು ನಗುತ್ತ ಹೋಗುತ್ತೀ, ನಾನು ಮಾಡಿದ ಗಾಡಿಯ ಮೇಲೆ ಬಿದ್ದೆ. ಇದನ್ನು ನೆನೆದಾಗಲೆಲ್ಲ ಉರಿಯುತ್ತದೆ, ಇನ್ನೂ ಬಹಳ ದಿನ ಉರಿಯುತ್ತದೆ. ಉರಿಯಲಿ. ಆ ಗಾಡಿಗೆ ಮಾತ್ರ ನನ್ನ ಕೈ ಹಚ್ಚಲು ಕೊಡಬೇಡ. ಸರ್ವಿಸಿಗೂ ಅವನ ಕಡೆಯೇ ಹೋಗು.

ಥಂಡಿ ಬಹಳ ಇದೆ. ಬೆಳಿಗ್ಗೆ ಬೇಗ ಹೊರಡುವಾಗ ಮೊಣಕಾಲಿಗೆ ಬಟ್ಟೆ ಸುತ್ತಿಕೋ. ನಿನ್ನ ಅಪ್ಪನಿಗೆ ನನ್ನ ನಮಸ್ಕಾರ ಹೇಳು, ಹೇಳಬೇಕು ಅನ್ನಿಸಿದರೆ.

ನಿನ್ನವನು ಎಂದು ಬರೆಯಲು ಒಪ್ಪಿಗೆ ಇದ್ದರೆ, ನಿನ್ನವನೇ ಆದ,
ಸತೀಶಕುಮಾರ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಹಫೀಜನ ಅಂಗಡಿಯಲ್ಲಿ ಚಹಾ ಕುಡಿದೆ, ಧಂಧೆಯ ಮಾತಾಡಿದೆ, ಬಸ್ ಹತ್ತಿದೆ ಎಂದು ಬರೆದಿದ್ದೇನೆ. ನಡುವೆ ಇನ್ನೊಂದು ಆಯಿತು. ನಜಮುನ್ನಿಸಾ ಒಳಗೆ ಹೋದಾಗ ನಾನು ಅವನ ಕೈ ಹಿಡಿದು, ಸ್ಪ್ರಿಂಗಿನ ಸಂಗತಿ ನಿನಗೆ ಹೇಳಬೇಡಿ ಎಂದು ಬೇಡಿಕೊಂಡೆ. ಅವನು ಕನ್ನಡಕ ತೆಗೆದು, "ಅವರೇ ಮುಂದ ಕುಂತು ಬಿಚ್ಚಿಸ್ಯಾರ್ರಿ ಅಣ್ಣಾ. ಕೊಯ್ದ ಸ್ಪ್ರಿಂಗ್ ಕೈಯಾಗ ಹಿಡ್ಕೊಂಡು ನೋಡ್ಯಾರ. ಒಂದೂವರೆ ತಿಂಗಳಾತು" ಅಂದ. ನಾನು ಬೇಡಿಕೊಂಡದ್ದನ್ನು ನಿನಗೆ ಹೇಳುವುದಿಲ್ಲ ಎಂದೂ ಅವನೇ ಅಂದ, ಅವನು ಹೇಳುವವನಲ್ಲ. ಅಂದರೆ ಮೂರು ವಾರದ ಹಿಂದೆ ಫೋನಿನಲ್ಲಿ ಕೇಳುವಾಗ ಉತ್ತರ ನಿನ್ನ ಕೈಯಲ್ಲೇ ಇತ್ತು. ನಿನಗೆ ಗೊತ್ತಿದೆ ಎಂದು ತಿಳಿದ ಮೇಲೆಯೇ ನಾನು ಮೇಲಿನದನ್ನೆಲ್ಲ ಬರೆದೆ. ನಿನಗೆ ಗೊತ್ತಿಲ್ಲ ಎಂದು ಅವನು ಅಂದಿದ್ದರೆ ಬೇರೆ ಪತ್ರ ಬರೆಯುತ್ತಿದ್ದೆ. ಜೇವರ್ಗಿಗೆ ಹೋಗುವಾಗ ಬಸ್ಸಿನಲ್ಲಿ ಅದನ್ನು ಮನಸ್ಸಿನಲ್ಲೇ ಬರೆದೂ ಮುಗಿಸಿದ್ದೆ, ಬಣ್ಣ ಇಲ್ಲದ ಉಬ್ಬು, ಬಿಸಿಲು, ಟ್ರ್ಯಾಕ್ಟರು ಎಲ್ಲ ಇತ್ತು, ಚೆನ್ನಾಗಿಯೂ ಇತ್ತು. ಇದು ನೀನು ಕೇಳಿದ್ದಲ್ಲ, ನಾನು ಹೇಳದಿದ್ದರೆ ನಿನಗೆ ಎಂದೂ ತಿಳಿಯುತ್ತಿರಲಿಲ್ಲ. ಇದನ್ನು ತಿಳಿದುಕೊಂಡು ಬರುವುದಾದರೆ ಬಾ, ಇಲ್ಲದಿದ್ದರೆ ಬರಬೇಡ.